ಗುರುತು ಹಾಕುವುದೂ ಬಾಗಿಲು ಹಾಕುವುದೂ: ಮೇಲ್ ಸರ್ವರಿನಲ್ಲಿ ಶಂಕೆಯ ಸ್ಥಾನ

ಇಮೇಲ್ ಸಾಗಣೆಯ ನಿಯಮಾವಳಿಯನ್ನು ಜೊನಾಥನ್ ಪೋಸ್ಟೆಲ್ 1982ರಲ್ಲಿ ಆರ್‌ಎಫ್‌ಸಿ 821 ಎಂಬ ದಾಖಲೆಯಾಗಿ ಬರೆದಾಗ, ಕಳುಹಿಸುವವನ ಮಾತನ್ನು ಪರೀಕ್ಷಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ. ಸಂಪರ್ಕಕ್ಕೆ ಬಂದ ಯಂತ್ರ ಹೆಲೋ ಎಂದು ಹೇಳಿಕೊಳ್ಳುವ ಹೆಸರು, ಲಕೋಟೆಯ ಮೇಲಿನ ವಿಳಾಸ, ಒಳಗಿನ ಕಾಗದದ ತಲೆಯಲ್ಲಿ ಓದುಗನಿಗೆ ಕಾಣುವ ವಿಳಾಸ, ಈ ಮೂರೂ ಬೇರೆಬೇರೆ ಇರಬಹುದಿತ್ತು, ಮೂರೂ ಸುಳ್ಳಾಗಿರಲೂಬಹುದಿತ್ತು. ಈ ಕೊರತೆಯನ್ನು ತುಂಬಲು ಬಂದವು ಎಸ್‌ಪಿಎಫ್, ಡಿಕಿಮ್ ಮತ್ತು ಡಿಮಾರ್ಕ್. ಮೊದಲನೆಯದು ಲಕೋಟೆಯ ಡೊಮೇನಿನ ಪರವಾಗಿ ಅಂಚೆ ತರಲು ಈ ಐಪಿ ವಿಳಾಸಕ್ಕೆ ಅನುಮತಿ ಇದೆಯೇ ಎಂದು ನೋಡುತ್ತದೆ, ಎರಡನೆಯದು ಒಳಗಿನ ಬರಹಕ್ಕೆ ಹಾಕಿದ ಸಹಿಯನ್ನು ಪರೀಕ್ಷಿಸುತ್ತದೆ, ಮೂರನೆಯದು ಇವೆರಡನ್ನೂ ಓದುಗನಿಗೆ ಕಾಣುವ ವಿಳಾಸಕ್ಕೆ ಹೊಂದಿಸಿ ತಾಳೆ ನೋಡುತ್ತದೆ. ಪರೀಕ್ಷೆಯಲ್ಲಿ ಸೋತ ಪ್ರತಿಯೊಂದು ಸಂಪರ್ಕವನ್ನೂ ಹೊಸ್ತಿಲಲ್ಲೇ ತಳ್ಳಿಬಿಡುವುದು ಅನೇಕ ನಿರ್ವಾಹಕರ ರೂಢಿ. ಶಂಕೆಯನ್ನು ಹಂತಹಂತವಾಗಿ ದಾಖಲಿಸುತ್ತ ಹೋಗಿ, ತೀರ್ಪನ್ನು ಒಂದೇ ಸಲ, ಕೊನೆಯಲ್ಲಿ ಕೊಡಬೇಕೆಂಬುದು ಈ ಲೇಖನದ ವಾದ.

ಇದಕ್ಕೆ ಮೊದಲ ಆಧಾರ ನಿಯಮಾವಳಿಯಲ್ಲೇ ಇದೆ. 2008ರ ಆರ್‌ಎಫ್‌ಸಿ 5321ರ ಪ್ರಕಾರ ಹೆಲೋ ಹೆಸರು ಐಪಿ ವಿಳಾಸಕ್ಕೆ ಹೊಂದುತ್ತದೆಯೇ ಎಂದು ಸರ್ವರ್ ಪರೀಕ್ಷಿಸಬಹುದು. ಆದರೆ ಹೊಂದಲಿಲ್ಲವೆಂಬ ಒಂದೇ ಕಾರಣಕ್ಕೆ ಅಂಚೆಯನ್ನು ನಿರಾಕರಿಸಕೂಡದು. ಪರೀಕ್ಷಿಸು, ಆದರೆ ಅಷ್ಟಕ್ಕೇ ಶಿಕ್ಷಿಸಬೇಡ ಎನ್ನುವ ಈ ಮಾತು ವಿಚಿತ್ರವಾಗಿ ಕಂಡರೂ ಅನುಭವದಿಂದ ಬಂದದ್ದು. ಪ್ರಾಮಾಣಿಕ ಅಂಚೆಯೂ ಪರೀಕ್ಷೆಯಲ್ಲಿ ಸೋಲುತ್ತದೆ. ಹಳೆಯ ವಿಳಾಸದಿಂದ ಹೊಸದಕ್ಕೆ ಫಾರ್ವರ್ಡ್ ಆಗಿ ಬಂದ ಪತ್ರದ ಲಕೋಟೆ ಹಳೆಯದೇ, ತಂದುಕೊಟ್ಟ ಯಂತ್ರ ಮಾತ್ರ ಹೊಸದು. ಎಸ್‌ಪಿಎಫ್ ಸೋಲುವುದು ಸಹಜ. ಸಮೂಹ ಅಂಚೆಯ ಸರ್ವರ್ ಪತ್ರದ ಬುಡಕ್ಕೆ ತನ್ನದೊಂದು ಸಾಲು ಸೇರಿಸಿದರೆ ಡಿಕಿಮ್ ಸಹಿ ಸಾಮಾನ್ಯವಾಗಿ ಒಡೆಯುತ್ತದೆ. 2014ರ ಏಪ್ರಿಲಿನಲ್ಲಿ ಯಾಹೂ ತನ್ನ ಡೊಮೇನಿಗೆ ಡಿಮಾರ್ಕಿನ ನಿರಾಕರಣೆಯ ನೀತಿಯನ್ನು ಪ್ರಕಟಿಸಿದಾಗ, ಇಂಥ ಸಮೂಹಗಳಿಗೆ ಯಾಹೂ ಬಳಕೆದಾರರು ಬರೆದ ನ್ಯಾಯವಾದ ಪತ್ರಗಳೂ ತಿರಸ್ಕೃತವಾದವು.

ಸಾಧನಗಳನ್ನು ಕಟ್ಟಿದವರಿಗೂ ಇದರ ಅರಿವಿತ್ತು. ವೀತ್ಸೆ ವೆನೆಮಾ ರೂಪಿಸಿದ ಪೋಸ್ಟ್‌ಫಿಕ್ಸ್‌ನಲ್ಲಿ ಪೋಸ್ಟ್‌ಸ್ಕ್ರೀನ್ ಎಂಬ ಕಾವಲುಗಾರನಿದ್ದಾನೆ. ಹೊಸ ಸಂಪರ್ಕ ಬಂದಾಗ ಅವನು ಸ್ವಾಗತದ ಸಂಕೇತವಾದ 220 ಎಂದು ಬರೆದು, ಪಕ್ಕದಲ್ಲೊಂದು ಅಡ್ಡಗೆರೆ ಎಳೆದು, ಸುಮಾರು 6 ಸೆಕೆಂಡು ಸುಮ್ಮನಿರುತ್ತಾನೆ. ಆ ಅಡ್ಡಗೆರೆಗೆ 'ಮಾತು ಇನ್ನೂ ಮುಗಿದಿಲ್ಲ' ಎಂದರ್ಥ. ಶಿಸ್ತಿನ ಸರ್ವರ್ ಕಾಯುತ್ತದೆ. ಸಾವಿರಾರು ಬಾಗಿಲು ಬಡಿಯುವ ಅವಸರದಲ್ಲಿರುವ ಸ್ಪ್ಯಾಮ್ ಯಂತ್ರ ನಡುವೆಯೇ ಹೆಲೋ ಎಂದುಬಿಡುತ್ತದೆ. ಕಳ್ಳನನ್ನು ಹಿಡಿಯಲು ಇಷ್ಟು ಅಗ್ಗದ ಉಪಾಯ ಮತ್ತೊಂದಿರಲಾರದು. ಆದರೂ ಇಲ್ಲಿನ ಮೂಲ ಹೊಂದಿಕೆ, ಸಿಕ್ಕಿಬಿದ್ದವನನ್ನು ಲಾಗ್‌ನಲ್ಲಿ ಬರೆದುಕೊಂಡು ಒಳಗೆ ಬಿಡುವುದೇ. ಅದೇ ತಂತ್ರಾಂಶದಲ್ಲಿ ಯಾವುದೇ ನಿರ್ಬಂಧಕ್ಕೆ ಮೊದಲು ಸೇರಿಸಬಹುದಾದ ಒಂದು ಸೂಚನೆಯಿದೆ: 'ನಿರಾಕರಿಸಬೇಕಾಗಿತ್ತು' ಎಂದು ಟಿಪ್ಪಣಿ ಮಾತ್ರ ಮಾಡು, ನಿರಾಕರಿಸಬೇಡ.

ಇದಕ್ಕೆ ಬಲವಾದ ಆಕ್ಷೇಪ ಒಂದಿದೆ. ಬಾಗಿಲಲ್ಲೇ ನಿರಾಕರಿಸಿದರೆ ನ್ಯಾಯವಾದ ಕಳುಹಿಸುಗನಿಗೆ ಸುದ್ದಿಯಾದರೂ ಮುಟ್ಟುತ್ತದೆ. ಗುರುತು ಹಾಕಿ ಸ್ಪ್ಯಾಮ್ ಕಡತಕ್ಕೆ ಸೇರಿಸಿದ ಪತ್ರ ಯಾರ ಗಮನಕ್ಕೂ ಬಾರದೆ ಸಾಯುತ್ತದೆ. ಸ್ವೀಕರಿಸಿದ ಮೇಲೆ ಹಿಂದಿರುಗಿಸೋಣವೆಂದರೆ, ಆ ಪತ್ರ ಹೋಗುವುದು ಕದ್ದ ವಿಳಾಸದ ಅಮಾಯಕನಿಗೆ. ಈ ಮಾತು ನಿಜ, ಮತ್ತು ಅದು ನನ್ನ ವಾದವನ್ನು ಇನ್ನಷ್ಟು ಖಚಿತಗೊಳಿಸುತ್ತದೆ. ಪತ್ರ ಪೂರ್ತಿ ಬಂದ ಮೇಲೂ ಸರ್ವರ್ 250 ಎಂದು ಒಪ್ಪಿಕೊಳ್ಳುವವರೆಗೆ ಹೊಣೆ ಕಳುಹಿಸಿದ ಯಂತ್ರದ್ದೇ. ಹೆಲೋ, ಐಪಿಯಿಂದ ಹೆಸರು ಹುಡುಕುವ ಹಿಮ್ಮುಖ ಡಿಎನ್‌ಎಸ್, ಎಸ್‌ಪಿಎಫ್, ಸಹಿ, ಇವೆಲ್ಲವುಗಳ ಟಿಪ್ಪಣಿಯನ್ನೂ ಕೂಡಿಸಿ ನೋಡಿ, ತೀರಾ ಕೆಟ್ಟದ್ದಾದರೆ ಆ ಗಳಿಗೆಯಲ್ಲಿ 550 ಎಂದು ನಿರಾಕರಿಸಬಹುದು. ಇಡೀ ಪತ್ರವನ್ನು ಇಳಿಸಿಕೊಳ್ಳುವ ಖರ್ಚು ದೊಡ್ಡದು ಎನ್ನುವವರಿಗೆ ಒಂದು ರಿಯಾಯಿತಿ: ವಿಶ್ವಾಸಾರ್ಹ ಕಪ್ಪುಪಟ್ಟಿಯಲ್ಲಿರುವ ಐಪಿಯನ್ನು ಹೊಸ್ತಿಲಲ್ಲೇ ತಡೆಯುವುದಕ್ಕೆ ನನ್ನ ತಕರಾರಿಲ್ಲ. ಕಳುಹಿಸಿದವನ ಸರ್ವರಿಗೇ ಮರಳಿ ಕರೆಮಾಡಿ 'ಇಂಥ ವಿಳಾಸ ನಿಮ್ಮಲ್ಲಿದೆಯೇ' ಎಂದು ಕೇಳುವ ಪದ್ಧತಿಗೆ ಮಾತ್ರ ತಕರಾರಿದೆ. ವಿಳಾಸ ಕದ್ದದ್ದಾದಾಗ ಆ ವಿಚಾರಣೆಯ ಭಾರ ಬೀಳುವುದು ವಿಳಾಸ ಕಳಕೊಂಡವನ ಸರ್ವರಿನ ಮೇಲೆ.

ಗುರುತನ್ನೇ ಯಾರಾದರೂ ನಕಲು ಮಾಡಿದರೆ ಎಂಬ ಪ್ರಶ್ನೆ ಉಳಿಯುತ್ತದೆ. ಪರೀಕ್ಷೆಯ ಫಲಿತಾಂಶ ಅಂಚೆಯ ತಲೆಬರಹದಲ್ಲಿ ಒಂದು ಸಾಲಾಗಿ ಕೂರುತ್ತದೆ. 'ಎಲ್ಲದರಲ್ಲೂ ಪಾಸು' ಎಂಬ ಸಾಲನ್ನು ನಿಮ್ಮ ಸರ್ವರಿನ ಹೆಸರಿನಲ್ಲೇ ಮೊದಲೇ ಬರೆದು ಕಳುಹಿಸಲು ವಂಚಕನಿಗೆ ಯಾವ ಅಡ್ಡಿಯೂ ಇಲ್ಲ. ಆದ್ದರಿಂದ ಗಡಿಯ ಸರ್ವರ್ ತನ್ನ ಸಾಲು ಬರೆಯುವ ಮೊದಲು, ತನ್ನ ಹೆಸರು ಹೊತ್ತು ಹೊರಗಿನಿಂದ ಬಂದ ಅಂಥ ಸಾಲುಗಳನ್ನೆಲ್ಲ ಅಳಿಸಬೇಕು. ಆರ್‌ಎಫ್‌ಸಿ 8601 ಇದನ್ನು ಕಡ್ಡಾಯ ಮಾಡಿದೆ.