ಹೆಸರು ಜಾವಾದ್ದು, ರಸ ತುರ್ಕಿಯದು

ಧೂಪಕ್ಕೆ, ಅತ್ತರಿಗೆ, ಆಯುರ್ವೇದದ ತೈಲಗಳಿಗೆ ಬೆರೆಸುವ ಶಿಲಾರಸವನ್ನು ನೀವು ಬಲ್ಲಿರಿ. ಹೆಸರಿನಲ್ಲಿ ಶಿಲೆ ಇದ್ದರೂ ಅದು ಮರದ ಅಂಟು. ಯಾವ ಮರದ್ದು? ಈ ಪ್ರಶ್ನೆಗೆ ಉತ್ತರ ಹುಡುಕಿದರೆ ನಮ್ಮ ಮುಂಬಯಿ ಬಂದರು ಎದುರಾಗುತ್ತದೆ.

ಜಾವಾದ ಕಾಡುಗಳಲ್ಲಿ ರಸಮಾಲ ಎಂಬ ನಿತ್ಯಹಸಿರಿನ ಹೆಮ್ಮರವಿದೆ. ಅದು ಅಸ್ಸಾಮಿನಲ್ಲೂ ಬೆಳೆಯುತ್ತದೆ. ಅಲ್ಲಿನವರಿಗೆ ಅದು ಜುತುಲಿ. ಸಸ್ಯಶಾಸ್ತ್ರಜ್ಞರು ಅದನ್ನು ಬಹುಕಾಲ ವಿಚ್ ಹೇಝಲ್ ಕುಟುಂಬಕ್ಕೆ ಸೇರಿಸಿದ್ದರು. ಈಗ ಬೇರೆ ಕುಟುಂಬ ಮಾಡಿದ್ದಾರೆ. 1790ರಲ್ಲಿ ನೊರೊನ್ಯಾ ಎಂಬ ಸ್ಪೇನ್ ದೇಶದ ಸಸ್ಯಜ್ಞ, ಡಚ್ ಗವರ್ನರ್ ಜನರಲ್ ಆಲ್ಟಿಂಗ್ ಹೆಸರಿನಲ್ಲಿ ಅದಕ್ಕೆ ಆಲ್ಟಿಂಜಿಯಾ ಎಂದು ನಾಮಕರಣ ಮಾಡಿದ.

ಇತ್ತ ವ್ಯಾಪಾರಿಗಳ ಬಾಯಲ್ಲಿ ರಸಮಾಲ 'ರೋಸ್ ಮಲ್ಲೋಸ್' ಆಯಿತು. ಅದೇ ಹೆಸರಿನ ಅಂಟು ಮುಂಬಯಿಗೆ ಬಂದಿಳಿದು, ಇಲ್ಲಿಂದ ಚೀನಾಕ್ಕೂ ಹೋಗುತ್ತಿತ್ತು. ಆದರೆ ಅದು ಬರುತ್ತಿದ್ದದ್ದು ಜಾವಾದಿಂದಲ್ಲ, ಕೆಂಪು ಸಮುದ್ರದ ದಾರಿಯಿಂದ! 1857ರಲ್ಲಿ ಲಂಡನ್ನಿನ ಔಷಧ ತಜ್ಞ ಡೇನಿಯಲ್ ಹ್ಯಾನ್ಬರಿ ಗಂಟು ಬಿಡಿಸಿದ. ಈ ರಸ ತುರ್ಕಿಯ ಒಂದು ಮರದ್ದು; ಎಲೆ ಉದುರಿಸುವ ಆ ಮರ ರಸಮಾಲದ ದಾಯಾದಿ. ಅದರ ತೊಗಟೆ ಕೆತ್ತಿ, ನೀರಿನಲ್ಲಿ ಕುದಿಸಿ, ಹಿಂಡಿ ರಸ ತೆಗೆಯುತ್ತಾರೆ.

ನಮ್ಮ ಹಿರಿಯರಿಗೆ ಇದರ ಸುಳಿವಿತ್ತು. ಅಮರಕೋಶದಲ್ಲಿ ಶಿಲಾರಸಕ್ಕೆ ತುರುಷ್ಕ, ಯಾವನ ಎಂಬ ಹೆಸರುಗಳೇ ಇವೆ. ಪರದೇಶದ ಸರಕು ಎಂಬುದು ಹೆಸರಿನಲ್ಲೇ ಅಡಗಿತ್ತು. ನಾವು ಮರೆತೆವು, ಅಷ್ಟೇ.

ಇಂದು ಆ ತುರ್ಕಿ ಮರ ಅಳಿವಿನ ಅಂಚಿನಲ್ಲಿದೆ. ನೈಋತ್ಯ ತುರ್ಕಿ ಮತ್ತು ರೋಡ್ಸ್ ದ್ವೀಪ ಬಿಟ್ಟರೆ ಅದಕ್ಕೆ ತವರಿಲ್ಲ. ಹೊಲ ತೋಟಗಳಿಗಾಗಿ ಅಲ್ಲಿಯ ಕಾಡನ್ನೂ ಬಹುಪಾಲು ಕಡಿದರು. ಮುಂದಿನ ಸಲ ಧೂಪ ಹಾಕುವಾಗ ಆ ದೂರದ ಮರವನ್ನೊಮ್ಮೆ ನೆನೆಯೋಣ.