ಉದ್ಯಾವರದಲ್ಲಿ ಎಲುಬಿನ ಎಣಿಕೆ

ಆಳುಪರ ರಾಜಧಾನಿಯಾಗಿದ್ದ ಉದ್ಯಾವರದ ಕುತ್ಪಾಡಿಯಲ್ಲಿ ಇಂದು ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು ಇದೆ. ಆಯುರ್ವೇದ ವಿದ್ಯಾರ್ಥಿ ಶಾರೀರ ಓದಲು ಕುಳಿತರೆ ಎಲುಬಿಗೆ ಮೂರು ಲೆಕ್ಕ: ಚರಕನದು 360, ಸುಶ್ರುತನದು 300, ಆಧುನಿಕರದು 206. ಹತ್ತಿರದ ಮಣಿಪಾಲದಲ್ಲಿ, 1953ರ ಕಸ್ತೂರಬಾ ವೈದ್ಯಕೀಯ ಕಾಲೇಜಿನವರಿಗೆ, ಕೊನೆಯದೊಂದೇ ಸಾಕು. ವ್ಯತ್ಯಾಸವನ್ನು ಪ್ರಾಚೀನರ ಅಜ್ಞಾನವೆನ್ನುವುದು ಅವಸರದ ಮಾತು. ಚರಕನು ಹಲ್ಲು, ಹಲ್ಲಿನ ಗೂಡು, ಉಗುರುಗಳನ್ನೂ ಅಸ್ಥಿಯಲ್ಲಿ ಸೇರಿಸಿದ. ಸುಶ್ರುತನು ಕಪಾಲ, ರುಚಕ, ತರುಣ, ವಲಯ, ನಲಕವೆಂದು ಐದು ಬಗೆ ಮಾಡಿದ. ಅವನಲ್ಲಿ ಹಲ್ಲು ರುಚಕ, ಮೃದ್ವಸ್ಥಿ ತರುಣ. ಶವವನ್ನು ಹುಲ್ಲಿನಲ್ಲಿ ಸುತ್ತಿ, ಏಳು ರಾತ್ರಿ ಹರಿವ ನೀರಿನಲ್ಲಿರಿಸಿ, ಕುಂಚದಿಂದ ಮೆಲ್ಲನೆ ಉಜ್ಜುತ್ತ ಪದರಪದರವಾಗಿ ನೋಡೆಂದವನೂ ಅವನೇ. ಶಂಖ, ಅಂಸಫಲಕ, ನಿತಂಬ, ಕಟೀಕತರುಣ ಎಂಬ ಜೋಡಿಗಳು ಅವನ ಎಂಟು ಅಸ್ಥಿಮರ್ಮಗಳು.

ಜೈನ ಕರ್ಮಸಾಹಿತ್ಯದ ಪ್ರಶ್ನೆಯೇ ಬೇರೆ. ಅದು ಕೇಳುವುದು ಎಲುಬು ಎಷ್ಟೆಂದಲ್ಲ, ಅದರ ಕಟ್ಟು ಎಂಥದೆಂದು. ಈ ಕಟ್ಟಿಗೆ ಸಂಹನನವೆಂದು ಹೆಸರು. ಆರು ಬಗೆ, ಮೊದಲನೆಯದು ವಜ್ರವೃಷಭನಾರಾಚ. ತತ್ತ್ವಾರ್ಥಸೂತ್ರವು ಧ್ಯಾನದ ಲಕ್ಷಣ ಹೇಳುವಲ್ಲಿಯೇ ಉತ್ತಮ ಸಂಹನನವನ್ನು ಬೇಡುತ್ತದೆ. ಮೋಕ್ಷಗಾಮಿಗಳದು ಮೊದಲನೆಯದೇ. 1432ರಲ್ಲಿ ಪ್ರತಿಷ್ಠೆಗೊಂಡ ಕಾರ್ಕಳದ ಬಾಹುಬಲಿಯನ್ನು ನೋಡಿ: ವರ್ಷವಿಡೀ ಉಪವಾಸ ನಿಂತವನ ಮೈಯಲ್ಲಿ ಒಂದು ಪಕ್ಕೆಲುಬೂ ಎದ್ದಿಲ್ಲ.