ಎರಡು ರೂಪಾಯಿಗೆ ಕೈ ಬದಲಾದ ಪಾಲು, ಹತ್ತು ರೂಪಾಯಿ ಕೊಟ್ಟು ಕೂತವರು

2003ರ ಮಾರ್ಚ್ ತಿಂಗಳಲ್ಲಿ ಮಂಗಳೂರಿನ ಎಂ.ಆರ್.ಪಿ.ಎಲ್. ತೈಲ ಶುದ್ಧೀಕರಣ ಕಂಪನಿಯ ಶೇ. 37.39ರಷ್ಟು ಒಡೆತನ ಸುಮಾರು 59 ಕೋಟಿ ರೂಪಾಯಿಗೆ ಮಾರಾಟವಾಯಿತು. ಮಾರಿದವರು ಆದಿತ್ಯ ಬಿರ್ಲಾ ಸಮೂಹದವರು, ಕೊಂಡವರು ಸರಕಾರಿ ಸ್ವಾಮ್ಯದ ಒ.ಎನ್.ಜಿ.ಸಿ. ಹತ್ತು ರೂಪಾಯಿ ಮುಖಬೆಲೆಯ ಒಂದೊಂದು ಷೇರಿಗೆ ಸಿಕ್ಕಿದ್ದು ಎರಡೇ ರೂಪಾಯಿ. ಕರ್ನಾಟಕದಲ್ಲಿ ಇಷ್ಟು ದೊಡ್ಡ ಕಾರ್ಖಾನೆಯ ಪಾಲು ಇಷ್ಟು ಅಗ್ಗಕ್ಕೆ ಹೋದ ಉದಾಹರಣೆ ನನಗೆ ಬೇರೆ ನೆನಪಿಲ್ಲ.

ಈ ಮಾರಾಟದ ಬಗ್ಗೆ ಬರೆದವರೆಲ್ಲ ಕೊಂಡವರ ಮತ್ತು ಮಾರಿದವರ ಕತೆ ಬರೆದಿದ್ದಾರೆ. ನನ್ನ ಕುತೂಹಲ ಮೂರನೆಯವರದು. ಇನ್ನೂರೋ ಐನೂರೋ ಷೇರು ಕೊಂಡು, ಸರ್ಟಿಫಿಕೇಟನ್ನು ಟ್ರಂಕಿನಲ್ಲಿ ಇಟ್ಟವರು. ನಾನಿರುವ ತಾಜಸುಲ್ತಾನಪುರ ಕಲಬುರಗಿಗೆ ಅಂಟಿಕೊಂಡ ಊರು. ಇಲ್ಲಿ ಜನ ಹೊಲ, ಪ್ಲಾಟು, ಬಂಗಾರ ನಂಬಿದಷ್ಟು ಷೇರು ನಂಬುವವರಲ್ಲ. ಆದರೂ ನೌಕರಿಯಲ್ಲಿದ್ದ ಎಷ್ಟೋ ಮನೆಗಳಲ್ಲಿ ತೊಂಬತ್ತರ ದಶಕದ ಇಂಥ ಕಾಗದಗಳಿವೆ. ಕಾಲೇಜಿನಲ್ಲಿ ವಾಣಿಜ್ಯ ಕಲಿಸಿದವನೆಂಬ ಕಾರಣಕ್ಕೆ ಅವು ನನ್ನ ಬಳಿ ಬರುತ್ತವೆ. “ಸರ, ಇದು ಕೊಟ್ಟುಬಿಡ್ಲೋ, ಇಟ್ಕೊಳ್ಲೋ, ಹೇಳ್ರಿ” ಎಂಬುದು ಪ್ರಶ್ನೆ. ಕಂಪನಿ ಕೈ ಬದಲಾಯಿಸುವಾಗ ಸಣ್ಣ ಪಾಲುದಾರನ ಮುಂದೆ ಇರುವುದು ಅದೊಂದೇ ಪ್ರಶ್ನೆ. ಅದಕ್ಕೆ ಇತಿಹಾಸದಲ್ಲಿ ಎಂಥ ಉತ್ತರಗಳು ಸಿಕ್ಕಿವೆ ಎಂದು ನೋಡುವುದು ಈ ಬರಹದ ಉದ್ದೇಶ.

ಎಂ.ಆರ್.ಪಿ.ಎಲ್. 1988ರಲ್ಲಿ ಹುಟ್ಟಿದ ಜಂಟಿ ಕಂಪನಿ. ಒಂದು ಕೈ ಸರಕಾರಿ ಹಿಂದುಸ್ತಾನ್ ಪೆಟ್ರೋಲಿಯಂನದು, ಇನ್ನೊಂದು ಕೈ ಬಿರ್ಲಾ ಸಮೂಹದ್ದು. ಇಬ್ಬರದೂ ಸಮಪಾಲು. ಇಬ್ಬರದೂ ಸೇರಿದರೆ ಮುಕ್ಕಾಲು. ಉಳಿದ ಕಾಲು ಭಾಗ ಜನರದು. ವರ್ಷಕ್ಕೆ 30 ಲಕ್ಷ ಟನ್ ಕಚ್ಚಾ ತೈಲ ಶುದ್ಧಿ ಮಾಡುವ ಘಟಕ ಮೊದಲು ನಿಂತಿತು. 1999ರ ಹೊತ್ತಿಗೆ ಸಾಮರ್ಥ್ಯ 96.9 ಲಕ್ಷ ಟನ್ನಿಗೆ ಏರಿತು. ಏರಿದ್ದು ಸಾಲದ ಮೇಲೆ.

ಎಡವಟ್ಟಾದದ್ದು ಕಾಲದ ಲೆಕ್ಕದಲ್ಲಿ. ಕಾರ್ಖಾನೆ ಯೋಜನೆಯಾದಾಗ ತೈಲದ ಬೆಲೆ ಪೂರ್ತಿ ಸರಕಾರದ ಹಿಡಿತದಲ್ಲಿತ್ತು. ಶುದ್ಧೀಕರಣ ಮಾಡಿದವರಿಗೆ ಖರ್ಚಿನ ಮೇಲೆ ಇಂತಿಷ್ಟು ಎಂದು ಗಳಿಕೆ ಖಾತ್ರಿಯಿತ್ತು. 1998ರ ಏಪ್ರಿಲ್‌ನಿಂದ ಶುದ್ಧೀಕರಣಕ್ಕೆ ಆ ಖಾತ್ರಿ ಹೋಯಿತು, 2002ರ ಏಪ್ರಿಲ್‌ನಲ್ಲಿ ಉಳಿದ ವ್ಯವಸ್ಥೆಯೂ ಹೋಯಿತು. ವಿಸ್ತರಣೆ ಮುಗಿದು ಬಡ್ಡಿ ಶುರುವಾದ ಹೊತ್ತಿಗೆ ಜಗತ್ತಿನಲ್ಲಿ ಶುದ್ಧೀಕರಣದ ಲಾಭಾಂಶ ಕುಸಿದಿತ್ತು. ಸ್ವಂತ ಪೆಟ್ರೋಲ್ ಬಂಕುಗಳ ಜಾಲವಿಲ್ಲದ ಕಂಪನಿ ತನ್ನ ಮಾಲನ್ನು ಬೇರೆಯವರ ಮೂಲಕವೇ ಮಾರಬೇಕಿತ್ತು. ನೂರಾರು ಕೋಟಿ ನಷ್ಟ ಪುಸ್ತಕಕ್ಕೆ ಹತ್ತಿತು. ಹೊಲಕ್ಕೆ ಬಾವಿ ತೋಡಿಸಲು ಸಾಲ ಮಾಡಿ, ನೀರು ಬರುವ ವರ್ಷವೇ ತೊಗರಿಯ ದರ ಬಿದ್ದರೆ ನಮ್ಮ ಕಡೆ ರೈತನ ಗತಿ ಏನಾಗುತ್ತದೋ ಅದೇ ಇಲ್ಲೂ ಆಯಿತು.

ಈಗ ಒ.ಎನ್.ಜಿ.ಸಿ. ಕಟ್ಟಿದ ಲೆಕ್ಕ ನೋಡಬೇಕು. ಎರಡು ರೂಪಾಯಿ ಎಂಬ ಸುದ್ದಿಯಷ್ಟನ್ನೇ ಕೇಳಿದವನು ಮನೆಯಲ್ಲಿದ್ದ ಕಾಗದದ ಬೆಲೆಯೂ ಎರಡೇ ರೂಪಾಯಿ ಎಂದು ತಿಳಿಯುತ್ತಾನೆ. ಆದರೆ ಒ.ಎನ್.ಜಿ.ಸಿ. ಅದೇ ಒಪ್ಪಂದದಲ್ಲಿ ಕಂಪನಿಗೆ 600 ಕೋಟಿ ಹೊಸ ಬಂಡವಾಳ ಹಾಕಿತು. ಆ ಹೊಸ ಷೇರುಗಳಿಗೆ ಕೊಟ್ಟದ್ದು ತಲಾ ಹತ್ತು ರೂಪಾಯಿ. ಹಳೆಯ 29.7 ಕೋಟಿ ಷೇರು ಎರಡರ ದರದಲ್ಲಿ, ಹೊಸ 60 ಕೋಟಿ ಷೇರು ಹತ್ತರ ದರದಲ್ಲಿ. ಕೂಡಿಸಿ ಭಾಗಿಸಿದರೆ ಒಂದಕ್ಕೆ ಏಳು ರೂಪಾಯಿ ಮೂವತ್ತೈದು ಪೈಸೆ ಬೀಳುತ್ತದೆ. ಎರಡು ರೂಪಾಯಿ ಹೊರಟುಹೋಗುವವರ ಬೆಲೆ. ಆ ದುಡ್ಡು ಕಂಪನಿಗೆ ಬರಲಿಲ್ಲ, ಹೋದವರ ಕೈಗೆ ಹೋಯಿತು. ಹತ್ತು ರೂಪಾಯಿ ಒಳಗೆ ಬಂದವರ ಬೆಲೆ; ಅದು ಸಾಲ ತೀರಿಸಲು ಕಂಪನಿಯ ಒಳಗೇ ಉಳಿಯಿತು. ಸಾಲ ಕೊಟ್ಟ ಸಂಸ್ಥೆಗಳೂ 365 ಕೋಟಿವರೆಗಿನ ಸಾಲವನ್ನು ಷೇರಾಗಿ ಬದಲಿಸಿಕೊಳ್ಳಲು ಒಪ್ಪಿದವು. ಮುಂದೆ ಆ ಷೇರುಗಳನ್ನೂ ಒ.ಎನ್.ಜಿ.ಸಿ. ಕೊಂಡು ತನ್ನ ಪಾಲನ್ನು ಶೇ. 71.62ಕ್ಕೆ ಏರಿಸಿಕೊಂಡಿತು.

ಜನರ ಪಾಲು ಏನಾಯಿತು? ಸುಮಾರು 20 ಕೋಟಿ ಷೇರು ಅವರ ಕೈಯಲ್ಲಿದ್ದವು. ಆಮೇಲೂ ಅಷ್ಟೇ ಇದ್ದವು. ಆದರೆ ಒಟ್ಟು ಷೇರುಗಳ ಸಂಖ್ಯೆ 79 ಕೋಟಿಯಿಂದ 175 ಕೋಟಿಗೆ ಏರಿದ್ದರಿಂದ ಕಾಲು ಭಾಗವಿದ್ದ ಅವರ ಪಾಲು ಶೇ. 11ರ ಆಸುಪಾಸಿಗೆ ಇಳಿಯಿತು. ಸೇರಿನಷ್ಟು ಹಾಲಿಗೆ ಎರಡು ಸೇರು ನೀರು ಬೆರೆಸಿದರು ಎಂದು ಬೈಯಬಹುದಿತ್ತು. ಬೆರೆಸಿದ್ದು ನೀರಲ್ಲ, ದುಡ್ಡು ಎನ್ನುವುದೇ ಇಲ್ಲಿನ ವ್ಯತ್ಯಾಸ. ಮುಳುಗುತ್ತಿದ್ದ ಕಂಪನಿಯ ಕಾಲು ಭಾಗಕ್ಕಿಂತ ಬದುಕಿದ ಕಂಪನಿಯ ಒಂಬತ್ತನೇ ಒಂದು ಭಾಗ ಹೆಚ್ಚು ಬಾಳುತ್ತದೆಯೇ ಎಂಬುದನ್ನು ಆಗ ತೂಗಬೇಕಿತ್ತು.

ಬಾಳಿತು. ಮರುವರ್ಷವೇ ಕಂಪನಿ ಲಾಭಕ್ಕೆ ಬಂತು, ಷೇರಿನ ದರ ಮುಖಬೆಲೆಯನ್ನು ದಾಟಿ ಮೇಲೆ ಹೋಯಿತು. ಒ.ಎನ್.ಜಿ.ಸಿ.ಯ ದುಡ್ಡು, ಇಳಿದ ಬಡ್ಡಿ, ಏರಿದ ಲಾಭಾಂಶ ಮೂರೂ ಕೂಡಿಬಂದವು. ಎರಡು ರೂಪಾಯಿ ಸುದ್ದಿಗೆ ಹೆದರಿ ಸಿಕ್ಕಷ್ಟಕ್ಕೆ ಮಾರಿದವರು ಸೋತರು. ಟ್ರಂಕು ತೆರೆಯಲು ಸೋಮಾರಿತನ ಮಾಡಿದವರು ಗೆದ್ದರು.

ಹಾಗಾದರೆ ಕೂತವನೇ ಜಾಣ ಎನ್ನೋಣವೇ? ಏಳು ವರ್ಷ ಬಿಟ್ಟು ರಾಜಸ್ಥಾನದ ಕಡೆ ನೋಡಿದರೆ ಹಾಗೆನ್ನುವ ಧೈರ್ಯ ಬರುವುದಿಲ್ಲ. 2010ರ ಆಗಸ್ಟ್‌ನಲ್ಲಿ ವೇದಾಂತ ಸಮೂಹ, ಬಾಡಮೇರಿನ ತೈಲಬಾವಿಗಳ ಕೇರ್ನ್ ಇಂಡಿಯಾ ಕಂಪನಿಯನ್ನು ಕೊಳ್ಳುವುದಾಗಿ ಸಾರಿತು. ಪ್ರವರ್ತಕರಾದ ಬ್ರಿಟನ್ನಿನ ಕೇರ್ನ್ ಎನರ್ಜಿಗೆ ಷೇರಿಗೆ 405 ರೂಪಾಯಿ; ಜನರಿಗೆ ಓಪನ್ ಆಫರ್‌ನಲ್ಲಿ 355. ನಡುವಿನ 50 ರೂಪಾಯಿ, ಮುಂದೆ ಇಲ್ಲಿ ಪೈಪೋಟಿಗೆ ಇಳಿಯುವುದಿಲ್ಲ ಎಂಬ ಮಾತಿಗೆ ಕೊಟ್ಟ ಕಾಣಿಕೆ. ಆಗಿನ ನಿಯಮದಲ್ಲಿ ಇದಕ್ಕೆ ಅವಕಾಶವಿತ್ತು. ಒಂದೇ ಹೊಲದ ಒಂದೇ ಅಳತೆಯ ಎರಡು ಪಾಲಿಗೆ ಎರಡು ದರ! ಕೊನೆಗೆ 2011ರಲ್ಲಿ ಆ ಐವತ್ತನ್ನು ಕೈಬಿಟ್ಟರು. ಅದೇ ವರ್ಷ ಸೆಬಿಯ ಹೊಸ ಸ್ವಾಧೀನ ನಿಯಮಗಳು ಇಂಥ ಕಾಣಿಕೆಯನ್ನೂ ಜನರಿಗೆ ಕೊಡುವ ದರದೊಳಗೆ ಸೇರಿಸಬೇಕೆಂದು ವಿಧಿಸಿದವು.

ಅಷ್ಟರಲ್ಲಿ ಓಪನ್ ಆಫರ್ ಮುಗಿದಿತ್ತು. ವೇದಾಂತ ಕೇಳಿದ್ದು ಶೇ. 20 ಷೇರು, ಬಂದದ್ದು ಶೇ. 8ರಷ್ಟು. ಕಚ್ಚಾ ತೈಲ ನೂರು ಡಾಲರ್ ದಾಟಿದ್ದ ಕಾಲ; ಬಾವಿಯಲ್ಲಿ ಎಣ್ಣೆ ಏರುತ್ತಿರುವಾಗ ಬಾವಿ ಮಾರುವವನಾರು ಎಂಬ ಲೆಕ್ಕ ಒಂದು. ಇನ್ನೊಂದು ತೆರಿಗೆಯದು. ವರ್ಷ ಮೀರಿ ಇಟ್ಟ ಷೇರನ್ನು ಆಗ ಷೇರುಪೇಟೆಯಲ್ಲಿ ಮಾರಿದರೆ ಲಾಭಕ್ಕೆ ತೆರಿಗೆ ಇರಲಿಲ್ಲ; ಅದೇ ಷೇರನ್ನು ಪೇಟೆಯ ಹೊರಗಿನ ಆಫರ್‌ಗೆ ಕೊಟ್ಟರೆ ತೆರಿಗೆ ಬೀಳುತ್ತಿತ್ತು. 355ರ ಆಫರ್ ಕೈಗೆ ಬರುವಾಗ 355 ಆಗಿ ಉಳಿಯುತ್ತಿರಲಿಲ್ಲ. ಆಫರ್ ಪತ್ರದ ಮೊದಲ ಪುಟ ಓದಿದವರಿಗೆ ಇದು ಕಾಣುವುದಿಲ್ಲ.

ಇಟ್ಟುಕೊಂಡವರಿಗೆ ಆದದ್ದೇನು? 2014ರ ಕೊನೆಗೆ ಕಚ್ಚಾ ತೈಲದ ದರ ಕುಸಿಯಿತು. 2015ರ ಜೂನ್‌ನಲ್ಲಿ ಕೇರ್ನ್ ಅನ್ನು ವೇದಾಂತದಲ್ಲಿ ವಿಲೀನ ಮಾಡುವ ಪ್ರಸ್ತಾಪ ಬಂದಾಗ ಷೇರಿನ ದರ ಇನ್ನೂರಕ್ಕಿಂತ ಕೆಳಗಿತ್ತು. ಮೊದಲ ಪ್ರಸ್ತಾಪ: ಒಂದು ಕೇರ್ನ್ ಷೇರಿಗೆ ಒಂದು ವೇದಾಂತ ಷೇರು, ಜೊತೆಗೆ ಹತ್ತು ರೂಪಾಯಿಯ ಒಂದು ಆದ್ಯತಾ ಷೇರು. ಈ ಸಲ ಸಣ್ಣವರ ಕೈಯಲ್ಲಿ ಒಂದು ಆಯುಧವಿತ್ತು. ಇಂಥ ವಿಲೀನಕ್ಕೆ ಪ್ರವರ್ತಕರನ್ನು ಬಿಟ್ಟು ಉಳಿದ ಪಾಲುದಾರರ ಬಹುಮತ ಬೇಕೆಂದು ಸೆಬಿ 2013ರಲ್ಲಿ ವಿಧಿಸಿತ್ತು. ಆ ಉಳಿದವರಲ್ಲಿ ಶೇ. 9ರ ಒಡೆತನದ ಎಲ್.ಐ.ಸಿ. ಇತ್ತು, ಹೆಚ್ಚುಕಡಿಮೆ ಅಷ್ಟೇ ಪಾಲಿನ ಹಳೆಯ ಒಡೆಯ ಕೇರ್ನ್ ಎನರ್ಜಿಯೂ ಇತ್ತು. ವರ್ಷ ಕಳೆದು 2016ರ ಜುಲೈನಲ್ಲಿ ಒಂದರ ಬದಲು ನಾಲ್ಕು ಆದ್ಯತಾ ಷೇರು ಕೊಡುವುದಾಗಿ ವೇದಾಂತ ಒಪ್ಪಿತು. 2017ರ ಏಪ್ರಿಲ್‌ನಲ್ಲಿ ವಿಲೀನ ಮುಗಿಯಿತು. ಐನೂರು ಷೇರಿನವನು ಎಷ್ಟೇ ಕೂಗಿದರೂ ಆಗದ ಕೆಲಸ, ಅವನದೇ ವಿಮೆಯ ದುಡ್ಡಿನಿಂದ ಷೇರು ಕೊಂಡ ಸಂಸ್ಥೆ ಅವನ ಸಾಲಿನಲ್ಲಿ ನಿಂತಾಗ ಆಯಿತು.

ಆದರೆ ಕೊಳ್ಳುವವನೂ ಮಾರುವವನೂ ಸರಕಾರವೇ ಆದಾಗ? 2018ರ ಜನವರಿಯಲ್ಲಿ ಕೇಂದ್ರ ಸರಕಾರ ಹಿಂದುಸ್ತಾನ್ ಪೆಟ್ರೋಲಿಯಂನ ತನ್ನ ಶೇ. 51.11 ಪಾಲನ್ನು ಒ.ಎನ್.ಜಿ.ಸಿ.ಗೆ ಮಾರಿತು. ಷೇರಿಗೆ 473.97 ರೂಪಾಯಿಯಂತೆ ಒಟ್ಟು 36,915 ಕೋಟಿ. ಪೇಟೆಯ ದರಕ್ಕಿಂತ ಹೆಚ್ಚಿನ ಈ ಬೆಲೆ ಖಜಾನೆಗೆ ಸೇರಿತು; ಒಡೆತನ ಸರಕಾರದ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಯಿತೆಂಬ ನೆಲೆಯಲ್ಲಿ ಜನರಿಗೆ ಓಪನ್ ಆಫರ್ ಬರಲಿಲ್ಲ. ಎಂ.ಆರ್.ಪಿ.ಎಲ್.ನ ಸಣ್ಣ ಪಾಲುದಾರ ಈಗ ಎಣಿಸಿದರೆ, ಅವನ ಕಂಪನಿಯ ಇಬ್ಬರು ದೊಡ್ಡ ಪಾಲುದಾರರಲ್ಲಿ ಒಬ್ಬರು ಇನ್ನೊಬ್ಬರ ಒಡೆಯರು.

ನಮ್ಮ ಜಿಲ್ಲೆಗೂ ಈ ಕತೆ ಹೊಸದಲ್ಲ. ಶಹಾಬಾದಿನ ಸಿಮೆಂಟ್ ಕಂಪನಿ 1936ರಲ್ಲಿ ಉಳಿದ ಕಂಪನಿಗಳೊಡನೆ ಕೂಡಿ ಎ.ಸಿ.ಸಿ. ಆದಾಗ ಸಣ್ಣ ಪಾಲುದಾರನಿಗೆ ಸೆಬಿಯಂಥ ಕಾವಲುಗಾರ ಇರಲಿಲ್ಲ. 2022ರಲ್ಲಿ ವಾಡಿಯ ಕಾರ್ಖಾನೆ ಸಹಿತ ಎ.ಸಿ.ಸಿ.ಯನ್ನು ಅದಾನಿ ಸಮೂಹ ಕೊಂಡಾಗ, ನಿಯಮದಂತೆ ಷೇರಿಗೆ 2,300 ರೂಪಾಯಿಯ ಓಪನ್ ಆಫರ್ ಬಂತು. ಪೇಟೆಯಲ್ಲಿ ದರ ಅದಕ್ಕಿಂತ ಮೇಲಿದ್ದುದರಿಂದ ಕೊಟ್ಟವರು ಕಡಿಮೆ. 2023ರ ಮೊದಲ ತಿಂಗಳುಗಳಲ್ಲಿ ಅದೇ ಷೇರು ಎರಡು ಸಾವಿರಕ್ಕಿಂತ ಕೆಳಗೆ ಬಂತು.

ಕೊಡಬೇಕೋ ಇಟ್ಟುಕೊಳ್ಳಬೇಕೋ ಎಂದು ಕೇಳುವವರಿಗೆ ನಾನು ದರ ಹೇಳುವುದನ್ನು ಬಿಟ್ಟಿದ್ದೇನೆ. ಬದಲಿಗೆ ಮೂರು ಸಂಗತಿ ಹುಡುಕಲು ಹೇಳುತ್ತೇನೆ. ಕೊಳ್ಳುವವನ ದುಡ್ಡು ಕಂಪನಿಯ ಒಳಗೆ ಬರುತ್ತದೋ, ಹೊರಟವನ ಜೇಬಿಗೆ ಹೋಗುತ್ತದೋ. ದೊಡ್ಡವನಿಗೆ ಕೊಟ್ಟ ದರವೇ ನಿನಗೂ ಸಿಕ್ಕಿದೆಯೋ, ತೆರಿಗೆ ಕಳೆದ ಮೇಲೆ ಎಷ್ಟು ಉಳಿಯುತ್ತದೆ. ನಿನ್ನ ಸಾಲಿನಲ್ಲಿ ನಿನ್ನೊಡನೆ ಯಾರು ನಿಂತಿದ್ದಾರೆ. ಕಚ್ಚಾ ತೈಲದ ನಾಳಿನ ದರವನ್ನು ಈ ಮೂರೂ ಹೇಳುವುದಿಲ್ಲ. ಆದರೆ ಎರಡು ರೂಪಾಯಿ ಎಂಬ ಒಂದು ಅಂಕಿಗೆ ಹೆದರಿ ಓಡುವುದನ್ನು ತಪ್ಪಿಸುತ್ತವೆ.